ಐಡ್ಲಿಂಗ್ ಕೆಟ್ಟರೆ ಸ್ಕ್ರೂ ಕೊನೆಗಿರಲಿ

ಐಡ್ಲಿಂಗ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಎಂಜಿನ್ ಓಡುವಾಗ, ಹಳೆ ಕಾರು ನಿಂತಲ್ಲೇ ಗಡಗಡ ನಡುಗತೊಡಗಿದರೆ ನಮ್ಮ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ಬಾನೆಟ್ ಎತ್ತುತ್ತೇವೆ, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬುಡದಲ್ಲಿರುವ, ಆ ಬೆರಕೆ ಹದಮಾಡುವ ಮಿಕ್ಸ್ಚರ್ ಸ್ಕ್ರೂವನ್ನು ಅರ್ಧ ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸಿ ನೋಡುತ್ತೇವೆ. ಅದಕ್ಕೂ ಬಗ್ಗದಿದ್ದರೆ ಸ್ಪೀಡ್ ಸ್ಕ್ರೂ ಬಿಗಿ ಮಾಡಿ 1200 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಏರಿಸಿಬಿಡುತ್ತೇವೆ. ನಡುಕವೇನೋ ಅಡಗುತ್ತದೆ. ಆದರೆ ರೋಗ ಒಳಗೇ ಇದೆ, ಅದನ್ನು ಪತ್ತೆ ಮಾಡಲು ಇದ್ದ ಸುಳಿವುಗಳು ಮಾತ್ರ ಅಳಿಸಿಹೋಗಿವೆ. ಸ್ಕ್ರೂ ಮೊದಲು ಎಷ್ಟು ಸುತ್ತಿನಲ್ಲಿತ್ತು ಎನ್ನುವುದೂ ಇನ್ನು ಗೊತ್ತಾಗುವುದಿಲ್ಲ.

ಸ್ಕ್ರೂ ತಾನಾಗಿ ತಿರುಗುವ ವಸ್ತುವಲ್ಲ. ಅದರ ಕೆಳಗೆ ಬಿಗಿಯಾದ ಸ್ಪ್ರಿಂಗ್ ಇರುತ್ತದೆ. ಹೋದ ತಿಂಗಳು ಚೆನ್ನಾಗಿದ್ದ ಐಡ್ಲಿಂಗ್ ಈ ತಿಂಗಳು ಕೆಟ್ಟಿದೆ ಎಂದರೆ ಬದಲಾಗಿರುವುದು ಬೇರೇನೋ: ಎಲ್ಲೋ ಗಾಳಿ ಸೇರುತ್ತಿದೆ, ಎಲ್ಲೋ ಕಸ ಕೂತಿದೆ, ಇಲ್ಲವೇ ಕಿಡಿ ಸರಿಯಾಗಿ ಬೀಳುತ್ತಿಲ್ಲ. ಆ ಬದಲಾವಣೆಯನ್ನು ಹುಡುಕುವುದು ನಿಜವಾದ ಕೆಲಸ. ಸ್ಕ್ರೂ ಮುಟ್ಟುವುದು ಎಲ್ಲ ಮುಗಿದ ಮೇಲೆ.

ಐಡ್ಲಿಂಗ್‌ನಲ್ಲಿ ಕಾರ್ಬ್ಯುರೇಟರ್ ಒಳಗೆ ನಡೆಯುವುದೇನು ಎಂದು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಎಕ್ಸಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್ ಪ್ಲೇಟ್, ಅಂದರೆ ಗಾಳಿದಾರಿಯ ಬಾಗಿಲು, ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ. ಮೇಲಿನ ವೆಂಚುರಿಯಲ್ಲಿ (ಗಂಟಲಿನ ಕಿರಿದಾದ ಭಾಗ) ಗಾಳಿಯ ಓಟ ತೀರಾ ನಿಧಾನ, ಹಾಗಾಗಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್‌ನ ನಳಿಗೆಯಿಂದ ಪೆಟ್ರೋಲ್ ಎಳೆಯುವ ಶಕ್ತಿ ಅದಕ್ಕಿಲ್ಲ. ಪ್ಲೇಟಿನ ಕೆಳಗೆ, ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡ್ ಕಡೆ, ಬಲವಾದ ವ್ಯಾಕ್ಯೂಮ್ ಇರುತ್ತದೆ. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು ಪಾದರಸ. ಆ ಸೆಳೆತಕ್ಕೆ ಫ್ಲೋಟ್ ಚೇಂಬರಿನ (ಪೆಟ್ರೋಲ್ ತುಂಬಿಡುವ ಬಟ್ಟಲು) ಪೆಟ್ರೋಲ್ ಐಡಲ್ ಜೆಟ್ ಮೂಲಕ ಮೇಲೇರಿ, ಏರ್ ಬ್ಲೀಡ್‌ನಿಂದ ಬಂದ ಗಾಳಿಯೊಂದಿಗೆ ನೊರೆಯಾಗಿ, ಸಣ್ಣ ಕೊರೆತದ ದಾರಿಯಲ್ಲಿ ಇಳಿದು, ಮಿಕ್ಸ್ಚರ್ ಸ್ಕ್ರೂವಿನ ಮೊನೆ ದಾಟಿ ಪ್ಲೇಟಿನ ಕೆಳಗೆ ಹೊರಬರುತ್ತದೆ. ಪ್ಲೇಟಿನ ಅಂಚಿನ ನೇರಕ್ಕೆ, ಒಂದಿಷ್ಟು ಮೇಲೆ, ಇನ್ನೂ ಎರಡು ಮೂರು ಸೂಜಿತೂತುಗಳಿರುತ್ತವೆ. ಎಕ್ಸಲರೇಟರ್ ಒತ್ತಲು ಶುರುಮಾಡಿದ ಕೂಡಲೇ ತೆರೆದುಕೊಂಡು, ಮೇನ್ ಜೆಟ್ ಕೆಲಸಕ್ಕೆ ಬರುವವರೆಗಿನ ಖಾಲಿ ಜಾಗವನ್ನು ಅವು ತುಂಬುತ್ತವೆ.

ಈ ಚಿತ್ರ ತಲೆಯಲ್ಲಿದ್ದರೆ ಲಕ್ಷಣಗಳು ತಾವಾಗಿಯೇ ಎರಡು ಪಾಲಾಗುತ್ತವೆ. ನಿಂತಾಗ ನಡುಗಿ, ವೇಗ ಹಿಡಿದ ಮೇಲೆ ಸರಿಹೋಗುವ ಗಾಡಿಗೆ ಗಾಳಿ ಸೋರಿಕೆ ಇಲ್ಲವೇ ಐಡಲ್ ದಾರಿಯ ಕಸ ಕಾರಣ. ಸೋರಿ ಒಳಬರುವ ಗಾಳಿ ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯ ದೊಡ್ಡ ಪಾಲು, ಥ್ರಾಟಲ್ ತೆರೆದ ಮೇಲೆ ಲೆಕ್ಕಕ್ಕೇ ಇಲ್ಲದಷ್ಟು ಚಿಕ್ಕದು. ಇದಕ್ಕೆ ತದ್ವಿರುದ್ಧವಾಗಿ, ನಿಂತಾಗ ಚೆನ್ನಾಗಿದ್ದು ಏರಿನಲ್ಲಿ ಉಸಿರು ಕಟ್ಟಿದಂತೆ ಆಡುವ ಗಾಡಿಗೆ ಪೆಟ್ರೋಲ್ ಸರಬರಾಜು ಸಾಲುತ್ತಿಲ್ಲ: ಫಿಲ್ಟರ್, ಪಂಪ್, ಟ್ಯಾಂಕ್, ಮೇನ್ ಜೆಟ್, ಈ ಸಾಲಿನಲ್ಲಿ ಹುಡುಕಬೇಕು.

ಆದರೂ ಕಾರ್ಬ್ಯುರೇಟರ್ ಮೇಲೆ ಆರೋಪ ಹೊರಿಸುವ ಮುಂಚೆ ಇಗ್ನಿಷನ್ ನೋಡಲೇಬೇಕು. ಕಾರ್ಬ್ಯುರೇಟರ್ ತೊಂದರೆ ಎಂದು ಬರುವ ಹಳೆ ಗಾಡಿಗಳಲ್ಲಿ ಬಹಳಷ್ಟಕ್ಕೆ ನಿಜವಾದ ತೊಂದರೆ ಕಿಡಿಯದ್ದು. ಕಿಡಿಗಾಗಿ ಕರೆಂಟ್ ಕಡಿದು ಬಿಡುವ ಕಾಂಟ್ಯಾಕ್ಟ್ ಪಾಯಿಂಟ್ ಇರುವ ಎಂಜಿನ್‌ನಲ್ಲಿ ಪಾಯಿಂಟ್ ಗ್ಯಾಪ್ ಸಾಮಾನ್ಯವಾಗಿ 0.4ರಿಂದ 0.5 ಮಿ.ಮೀ., ಪ್ಲಗ್ ಗ್ಯಾಪ್ 0.6ರಿಂದ 0.7 ಮಿ.ಮೀ. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ (ಕಿಡಿ ಬೀಳುವ ಹೊತ್ತು) ಕೂಡ ಬದಲಾಗುತ್ತದೆ. ಆದ್ದರಿಂದ ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್, ಆ ಸರದಿ ತಪ್ಪಬಾರದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ಬಿರುಕು ಕಂಡರೆ ಕಿಡಿ ಆ ದಾರಿಯಲ್ಲಿ ಸೋರಿಹೋಗುತ್ತಿದೆ ಎಂದರ್ಥ, ಕ್ಯಾಪ್ ಬದಲಿಸಿ. ಹಾಗೆಯೇ ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದಲ್ಲಿ ಬಿಡುವ ಸಣ್ಣ ಸಂದು. ಎಕ್ಸಾಸ್ಟ್ ವಾಲ್ವಿನ ಟ್ಯಾಪೆಟ್ ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಆ ಸಿಲಿಂಡರ್ ಐಡ್ಲಿಂಗ್‌ನಲ್ಲಿ ಮಿಸ್ ಹೊಡೆದು ವೇಗದಲ್ಲಿ ಸುಮ್ಮನಾಗುತ್ತದೆ. ಅದೂ ಥೇಟ್ ಕಾರ್ಬ್ಯುರೇಟರ್ ತೊಂದರೆಯಂತೆಯೇ ಕಾಣುತ್ತದೆ. ಕಂಪ್ರೆಷನ್ ಗೇಜ್ ಸಿಕ್ಕರೆ ನಾಲ್ಕೂ ಸಿಲಿಂಡರ್ ಅಳೆಯಿರಿ. ಒಂದು ಉಳಿದವಕ್ಕಿಂತ ಶೇ. 15ಕ್ಕಿಂತ ಹೆಚ್ಚು ಕೆಳಗಿದ್ದರೆ ಯಾವ ಸ್ಕ್ರೂವಿನಿಂದಲೂ ಆ ಎಂಜಿನ್ ಸಮನಾಗಿ ಓಡದು.

ಪ್ಲಗ್ ಬಿಚ್ಚಿದಾಗ ಅದರ ಮೂತಿ ನೋಡುವುದನ್ನು ಮರೆಯಬೇಡಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳುಪಾಗಿದ್ದರೆ ಗಾಳಿ ಹೆಚ್ಚು, ತಿಳಿ ಕಂದು ಬಣ್ಣವಿದ್ದರೆ ಸರಿ. ನಾಲ್ಕೂ ಕಪ್ಪಗಿದ್ದರೆ ತಪ್ಪು ಬಹುಮಟ್ಟಿಗೆ ಕಾರ್ಬ್ಯುರೇಟರಿನದು, ಯಾಕೆಂದರೆ ನಾಲ್ಕಕ್ಕೂ ಉಣಿಸುವುದು ಅದೊಂದೇ. ಒಂದು ಮಾತ್ರ ಬೆಳ್ಳಗಿದ್ದರೆ ಆ ಸಿಲಿಂಡರಿನ ಪಕ್ಕದಲ್ಲೇ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಜೋಡಣೆಯ ನಡುವಿನ ಸೀಲು) ಸೋರುತ್ತಿರುವ ಸಾಧ್ಯತೆ ಹೆಚ್ಚು. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಬಿಳಿ ಬಟ್ಟೆಯ ಮೇಲೆ ಜೋಡಿಸಿಟ್ಟು ಎರಡು ನಿಮಿಷ ನೋಡಿದರೆ ಒಂದು ಗಂಟೆಯ ಹುಡುಕಾಟ ಉಳಿಯುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವ ಪರೀಕ್ಷೆ. ಇದಕ್ಕೆ ಬೇಕಾಗುವುದು ಒಂದು ದಪ್ಪ ರಟ್ಟಿನ ತುಂಡು ಅಷ್ಟೇ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಚೋಕ್ (ತಣ್ಣಗಿನ ಸ್ಟಾರ್ಟಿಗೆ ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆದಿರಲಿ. ಏರ್ ಫಿಲ್ಟರ್ ತೆಗೆದು, ನಡುಗುತ್ತಾ ಓಡುತ್ತಿರುವ ಕಾರ್ಬ್ಯುರೇಟರ್ ಬಾಯಿಗೆ ಆ ರಟ್ಟನ್ನು ಪಕ್ಕದಿಂದ ನಿಧಾನವಾಗಿ ಸರಿಸುತ್ತಾ ಬನ್ನಿ. ಕಾಲು ಭಾಗ, ಅರ್ಧ, ಮುಕ್ಕಾಲು. ಬಾಯಿ ಮುಚ್ಚುತ್ತಾ ಬಂದಂತೆ ಎಂಜಿನ್ ಸುಧಾರಿಸಿಕೊಂಡು, ಸದ್ದು ತುಂಬಿ, ವೇಗ ಏರಿದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ: ಗಾಳಿ ಸೋರಿಕೆ ಇಲ್ಲವೇ ಕಟ್ಟಿದ ಐಡಲ್ ಜೆಟ್. ರಟ್ಟು ಅಂಚಿಗೆ ಬರುತ್ತಲೇ ಇನ್ನಷ್ಟು ತಡವರಿಸಿ, ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ಬಂದು ಕುಸಿದರೆ ಪೆಟ್ರೋಲ್ ಆಗಲೇ ಹೆಚ್ಚಾಗಿದೆ. ಕೈಯಿಂದ ಚೋಕ್ ಎಳೆಯುವ ಗಾಡಿಯಾದರೆ ಗುಬುಟನ್ನು ಒಂದು ಸೆಂಟಿಮೀಟರ್ ಎಳೆದು ನೋಡಿದರೂ ಇದೇ ಉತ್ತರ ಸಿಗುತ್ತದೆ. ಅಂಗೈಯಲ್ಲಿ ಮುಚ್ಚುವವರೂ ಇದ್ದಾರೆ, ಆದರೆ ಬ್ಯಾಕ್‌ಫೈರ್ ಆಗಿ ಬೆಂಕಿ ಹೊರಗೆ ಚಿಮ್ಮಿದರೆ ಕೈ ಸುಟ್ಟೀತು. ಮುಖವನ್ನೂ ಬಾಯಿಯ ನೇರಕ್ಕೆ ತರಬೇಡಿ. ಈ ಎಲ್ಲ ಕೆಲಸ ಬಯಲಿನಲ್ಲಿ ಆಗಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಮುಚ್ಚಿದ ಶೆಡ್ಡಿನಲ್ಲಿ ಓಡುವ ಎಂಜಿನ್ನಿನ ಹೊಗೆ ಪ್ರಾಣ ತೆಗೆಯುತ್ತದೆ, ಅದಕ್ಕೆ ವಾಸನೆಯ ಎಚ್ಚರಿಕೆಯನ್ನೂ ನೆಚ್ಚಿಕೊಳ್ಳುವಂತಿಲ್ಲ.

ಗಾಳಿ ಹೆಚ್ಚಾಗಿದೆ ಎಂಬ ಉತ್ತರ ಬಂದರೆ ಸೋರಿಕೆಯ ಜಾಗ ಹುಡುಕಬೇಕು. ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಬಟ್ಟೆ ಸುತ್ತಿ ಅದುಮಿ ಹಿಡಿಯಿರಿ. ಬ್ರೇಕಿಗೆ ಬಲ ಕೂಡಿಸುವ ಬೂಸ್ಟರಿನ ಪೈಪು, ಕ್ರ್ಯಾಂಕ್‌ಕೇಸ್ ಉಸಿರಾಟದ ಪಿಸಿವಿ ಪೈಪು, ಡಿಸ್ಟ್ರಿಬ್ಯೂಟರ್ ವ್ಯಾಕ್ಯೂಮ್ ಪೈಪು. ಯಾವುದನ್ನು ಅದುಮಿದಾಗ ಎಂಜಿನ್ ಸರಿಹೋಗುತ್ತದೋ ಅದರ ಆಚೆ ತುದಿಯಲ್ಲಿ ತೂತಿದೆ. ಬ್ರೇಕ್ ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಐಡ್ಲಿಂಗ್ ಬೇರೆಯಾಗಿಯೇ ಇದ್ದರೆ ಬೂಸ್ಟರ್ ಡಯಾಫ್ರಾಮ್ (ಒಳಗಿನ ರಬ್ಬರ್ ಪರದೆ) ಹರಿದಿದೆ. ಅದು ಐಡ್ಲಿಂಗ್‌ಗಿಂತ ಬಹಳ ದೊಡ್ಡ ಚಿಂತೆ, ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಪೈಪುಗಳೆಲ್ಲ ಗಟ್ಟಿಯಿದ್ದರೆ ಉಳಿದದ್ದು ಗ್ಯಾಸ್ಕೆಟ್‌ಗಳು: ಕಾರ್ಬ್ಯುರೇಟರ್ ಬುಡದ್ದು, ಅದರ ಕೆಳಗಿನ ದಪ್ಪ ಫೈಬರ್ ಸ್ಪೇಸರಿನ ಎರಡು ಮುಖದವು, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂರುವಲ್ಲಿಯದು. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಪರೀಕ್ಷಿಸುವ ರೂಢಿ ಇದೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವ ಎಂಜಿನ್‌ಗಳಲ್ಲಿ ಅದು ಬೆಂಕಿಗೆ ಆಹ್ವಾನ. ಇಸ್ತ್ರಿಗೆ ಬಳಸುವಂಥ ನೀರಿನ ಸ್ಪ್ರೇ ಬಾಟಲಿ ಸಾಕು. ಜೋಡಣೆಯ ಗೆರೆಯುದ್ದಕ್ಕೂ ಸಣ್ಣಗೆ ನೀರು ಸಿಂಪಡಿಸಿ. ಸೋರುವ ಜಾಗ ಕ್ಷಣಕಾಲ ಮುಚ್ಚಿಕೊಂಡು ಎಂಜಿನ್ ಸದ್ದು ಬದಲಾಗುತ್ತದೆ. ಇಗ್ನಿಷನ್ ವೈರಿಗೆ ಬೀಳದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮಿಸ್ ಹೊಡೆದದ್ದು ಯಾವುದರಿಂದ ಎಂದೇ ತಿಳಿಯದು.

ಥ್ರಾಟಲ್ ಶಾಫ್ಟ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ಬಹಳ ಹಳೆಯ ಕಾರ್ಬ್ಯುರೇಟರುಗಳನ್ನು ಸೋಲಿಸುವುದು ಇದೇ. ದಶಕಗಳ ಓಡಾಟದಲ್ಲಿ ಉಕ್ಕಿನ ಶಾಫ್ಟ್ ತನ್ನ ಸುತ್ತಲ ಮೆತ್ತನೆಯ ಜಿಂಕ್ ಮಿಶ್ರಲೋಹವನ್ನು ಅಂಡಾಕಾರಕ್ಕೆ ತಿಂದುಬಿಡುತ್ತದೆ. ಶಾಫ್ಟ್ ತುದಿಯನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಅಲ್ಲಿಂದ ಗಾಳಿ ಸೇರುತ್ತಿದೆ. ಅದಕ್ಕಿಂತ ಕೆಟ್ಟದ್ದೆಂದರೆ ಪ್ಲೇಟ್ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಬಂದು ಕೂರುತ್ತದೆ. ಇಂಥ ಗಾಡಿ ಒಂದು ಸಿಗ್ನಲ್‌ನಲ್ಲಿ 700ಕ್ಕೆ ನಿಂತರೆ ಇನ್ನೊಂದರಲ್ಲಿ 1000ಕ್ಕೆ ನಿಲ್ಲುತ್ತದೆ. ಹೊಸ ರಿಪೇರಿ ಕಿಟ್ ಹಾಕಿದರೂ ಇದು ಹೋಗದು, ಕಿಟ್‌ನಲ್ಲಿ ಗ್ಯಾಸ್ಕೆಟ್ ಮತ್ತು ನೀಡಲ್ ಇರುತ್ತವೆಯೇ ಹೊರತು ತೂತಿನ ಸವೆತಕ್ಕೆ ಮದ್ದಿಲ್ಲ. ತೂತನ್ನು ದೊಡ್ಡದಾಗಿ ಕೊರೆದು ಹಿತ್ತಾಳೆ ಇಲ್ಲವೇ ಕಂಚಿನ ಬುಷ್ ಕೂರಿಸಿ, ಎರಡೂ ಬದಿಯನ್ನು ಒಂದೇ ನೇರಕ್ಕೆ ರೀಮರ್ ಹೊಡೆಯಬೇಕು. ಲೇತ್ ಕೆಲಸ ಬಲ್ಲವರ ಕೈಯಲ್ಲೇ ಇದು ಆಗಬೇಕು.

ಪೆಟ್ರೋಲ್ ಹೆಚ್ಚಾಗಿದೆ ಎಂಬ ಉತ್ತರ ಬಂದರೆ ಟಾರ್ಚ್ ತೆಗೆದುಕೊಳ್ಳಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪಕ್ಕಕ್ಕೆ ನಿಂತು ಓರೆಯಾಗಿ ಕಾರ್ಬ್ಯುರೇಟರ್ ಗಂಟಲಿನೊಳಗೆ ಬೆಳಕು ಬಿಡಿ. ನಡುವೆ ಚಾಚಿಕೊಂಡಿರುವ ಮೇನ್ ನಳಿಗೆಯ ತುದಿ ಒಣಗಿರಬೇಕು. ಅಲ್ಲಿ ಹನಿ ಹನಿಯಾಗಿ ಪೆಟ್ರೋಲ್ ತೊಟ್ಟಿಕ್ಕುತ್ತಾ, ಪ್ಲೇಟಿನ ಮೇಲೆ ಒದ್ದೆ ಹೊಳಪು ಕಂಡರೆ ಫ್ಲೋಟ್ ಚೇಂಬರ್ ಮಟ್ಟ ಮಿತಿ ಮೀರಿದೆ. ಮುಖ್ಯ ಕಾರಣಗಳು ನಾಲ್ಕು: ಪೆಟ್ರೋಲ್ ಒಳಬರುವುದನ್ನು ತಡೆಯುವ ನೀಡಲ್ ವಾಲ್ವಿನ ಮೊನೆ ಸವೆದು ಉಂಗುರದಂಥ ಗೆರೆ ಬಿದ್ದಿದೆ, ನೀಡಲ್ ಮತ್ತು ಸೀಟಿನ ನಡುವೆ ಕಸ ಸಿಕ್ಕಿದೆ, ತೇಲಬೇಕಾದ ಫ್ಲೋಟ್ ಒಳಗೆ ಪೆಟ್ರೋಲ್ ಸೇರಿ ಮುಳುಗಿದೆ, ಇಲ್ಲವೇ ಪಂಪಿನ ಒತ್ತಡ ಜಾಸ್ತಿ. ಹಿತ್ತಾಳೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಪೆಟ್ರೋಲ್ ಕುಲುಕುವುದು ಕೇಳಿಸುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದರೆ ಬಿರುಕಿನಿಂದ ಗುಳ್ಳೆಗಳ ಸರ ಎದ್ದುಬರುತ್ತದೆ. ಬೆಸುಗೆ ಹಾಕುವುದಾದರೆ ಒಳಗಿನ ಪೆಟ್ರೋಲ್ ಪೂರ್ತಿ ಆವಿಯಾಗಿ ಹೋದ ಮೇಲೆಯೇ, ಅದೂ ಬರೀ ಸೋಲ್ಡರಿಂಗ್ ಕಬ್ಬಿಣದಿಂದ. ಹಾಕಿದ ಸೀಸದ ತೂಕಕ್ಕೇ ಫ್ಲೋಟ್ ಮಟ್ಟ ಬದಲಾಗುತ್ತದೆ, ಹಾಗಾಗಿ ಚಿಟಿಕೆಯಷ್ಟೇ ಸಾಕು. ನೀಡಲ್ ಪರೀಕ್ಷೆಗೆ ಕಾರ್ಬ್ಯುರೇಟರ್ ಮುಚ್ಚಳವನ್ನು ತಲೆಕೆಳಗು ಮಾಡಿ, ಫ್ಲೋಟಿನ ಭಾರ ನೀಡಲ್ ಮೇಲೆ ಬೀಳುವಂತೆ ಹಿಡಿದು, ಪೆಟ್ರೋಲ್ ಬರುವ ಬಾಯಿಗೆ ಶುದ್ಧವಾದ ಪೈಪು ಸಿಕ್ಕಿಸಿ ಮೆಲ್ಲಗೆ ಊದಿ. ಗಾಳಿ ಪೂರ್ತಿ ನಿಲ್ಲಬೇಕು.

ಮೆಕ್ಯಾನಿಕಲ್ ಪಂಪಿನ ಒತ್ತಡ ಬಹಳಷ್ಟು ಚಿಕ್ಕ ಕಾರುಗಳಲ್ಲಿ 2ರಿಂದ 4 ಪಿಎಸ್‌ಐ ನಡುವೆ. ಹಳೆ ಪಂಪ್ ಕೆಟ್ಟಿತೆಂದು ಸಿಕ್ಕ ಎಲೆಕ್ಟ್ರಿಕ್ ಪಂಪ್ ಹಾಕಿ, ಅದರ ಹೆಚ್ಚಿನ ಒತ್ತಡಕ್ಕೆ ನೀಡಲ್ ತಡೆಯದೆ ಓವರ್‌ಫ್ಲೋ ಆಗುವುದು ಸಾಮಾನ್ಯ. ಮೆಕ್ಯಾನಿಕಲ್ ಪಂಪಿನಲ್ಲಿ ಇನ್ನೊಂದು ಗಂಡಾಂತರವಿದೆ. ಡಯಾಫ್ರಾಮ್ ಬಿರುಕುಬಿಟ್ಟರೆ ಪೆಟ್ರೋಲ್ ನೇರ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಪೆಟ್ರೋಲ್ ವಾಸನೆ ಇದ್ದರೆ, ಪಂಪ್ ಬದಲಿಸಿ ಆಯಿಲ್ ಹೊಸದಾಗಿ ತುಂಬುವವರೆಗೆ ಸ್ಟಾರ್ಟ್ ಮಾಡಬಾರದು. ತೆಳುವಾದ ಆಯಿಲ್ ಬೇರಿಂಗುಗಳನ್ನು ಕೆಲವೇ ದಿನಗಳಲ್ಲಿ ತಿಂದುಹಾಕುತ್ತದೆ.

ಸರಬರಾಜಿನ ವಿಷಯ ಬೇಗ ಮುಗಿಯುತ್ತದೆ. ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ ನಿಂತುಹೋಗುವ ಗಾಡಿಯಲ್ಲಿ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿಕಿಂಡಿ ಕಟ್ಟಿದೆ, ಟ್ಯಾಂಕಿನೊಳಗೆ ನಿರ್ವಾತವಾಗಿ ಪಂಪ್ ಎಳೆಯಲಾರದೆ ಸೋತಿದೆ. ಫಿಲ್ಟರ್ ಗಾಜಿನ ತಳದಲ್ಲಿ ಕೆಂಪು ಪುಡಿ ಕೂತಿದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ. ಅದನ್ನು ಸರಿಪಡಿಸದೆ ಕಾರ್ಬ್ಯುರೇಟರ್ ಎಷ್ಟು ಸಲ ತೊಳೆದರೂ ತಿಂಗಳೊಳಗೆ ಮತ್ತೆ ಅಲ್ಲಿಗೇ ಬರುತ್ತೀರಿ.

ಎಥನಾಲ್ ಬೆರೆತ ಪೆಟ್ರೋಲ್ ಹಳೆ ಗಾಡಿಗಳಿಗೆ ಹೊಸ ತಾಪತ್ರಯ ತಂದಿದೆ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಟ್ಟು ಗಾಳಿ ಬೇಕು, ಬರೀ ಎಥನಾಲ್‌ಗೆ 9 ಪಟ್ಟು ಸಾಕು. ಅಂದರೆ ಅದೇ ಜೆಟ್, ಅದೇ ಸ್ಕ್ರೂ ಇದ್ದರೂ ಮಿಶ್ರಣ ತೆಳುವಾಗುತ್ತದೆ; ಮೊದಲೇ ಅಂಚಿನಲ್ಲಿದ್ದ ಐಡ್ಲಿಂಗ್ ತಡವರಿಸತೊಡಗುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಮತ್ತು ಎಥನಾಲ್ ಸೇರಿ ಬೇರೆ ಪದರವಾಗಿ ತಳಕ್ಕಿಳಿದು, ಫ್ಲೋಟ್ ಚೇಂಬರಿನ ಲೋಹವನ್ನು ಕೊರೆದು ಬಿಳಿ ಪುಡಿ ಮಾಡುತ್ತದೆ. ಐಡಲ್ ಜೆಟ್ ಕಟ್ಟುವುದು ಬಹಳ ಸಲ ಈ ಪುಡಿಯಿಂದಲೇ. ಹಳೆಯ ರಬ್ಬರ್ ಪೈಪುಗಳು ಒಳಗಿನಿಂದ ಉಬ್ಬಿ ಕರಗಿ ಕಪ್ಪು ಚೂರು ಬಿಡುತ್ತವೆ. ಹೊರಗೆ ಚೆನ್ನಾಗಿಯೇ ಕಂಡರೂ ಪೈಪಿನ ತುದಿ ಕತ್ತರಿಸಿ ಒಳಗೆ ಬೆರಳಾಡಿಸಿ, ಮಸಿ ಹತ್ತಿದರೆ ಎಥನಾಲ್ ತಾಳುವ ಹೊಸ ಪೈಪು ಹಾಕಿ. ಗಾಡಿ ಬಹಳ ದಿನ ನಿಲ್ಲಿಸುವುದಿದ್ದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿಯೇ ನಿಲ್ಲಿಸುವುದು ಒಳ್ಳೆಯದು.

ಈಗ ಐಡಲ್ ಜೆಟ್. ಸೋಲೆಕ್ಸ್, ವೆಬರ್, ಮಿಕುನಿ ಜಾತಿಯ ಕಾರ್ಬ್ಯುರೇಟರುಗಳಲ್ಲಿ ಇದರ ತೂತು ಸಾಮಾನ್ಯವಾಗಿ 0.40ರಿಂದ 0.55 ಮಿ.ಮೀ., ದಾರದ ಎಳೆಯೊಂದು ಅಡ್ಡ ಕೂತರೂ ಸಾಕು. ಕೆಲವದರಲ್ಲಿ ಜೆಟ್ ಹಿಂದೆಯೇ 12 ವೋಲ್ಟಿನ ಸೊಲೆನಾಯ್ಡ್ (ಕರೆಂಟ್ ಬಂದಾಗ ಜೆಟ್ ತೆರೆಯುವ ವಾಲ್ವ್) ಇರುತ್ತದೆ. ಕೀ ಆನ್ ಮಾಡಿ ಅದರ ವೈರನ್ನು ಬಿಚ್ಚಿ ತಾಗಿಸಿದಾಗ ಟಿಕ್ ಎನ್ನಬೇಕು. ಸದ್ದೇ ಇಲ್ಲದಿದ್ದರೆ ಜೆಟ್ ಮುಚ್ಚಿಯೇ ಇದೆ, ಕಾಲು ತೆಗೆದ ತಕ್ಷಣ ಎಂಜಿನ್ ಆಫ್ ಆಗುವುದಕ್ಕೆ ಅದೇ ಕಾರಣ. ಜೆಟ್ ಬಿಚ್ಚಿ ಆಕಾಶದ ಬೆಳಕಿಗೆ ಹಿಡಿದು ನೋಡಿ. ತೂತು ಚೂಪಾದ ಅಂಚಿನ ದುಂಡಗಿನ ಚುಕ್ಕಿಯಾಗಿ ಹೊಳೆಯಬೇಕು. ಅರ್ಧಚಂದ್ರ ಕಂಡರೆ ಒಳಗೆ ಅಂಟಿದೆ. ದಯವಿಟ್ಟು ಸೂಜಿ, ಸ್ಟೀಲ್ ತಂತಿ ಹಾಕಬೇಡಿ, ಹಿತ್ತಾಳೆ ಗೀಚಿಹೋಗಿ 0.45ರ ಜೆಟ್ 0.50 ಆಗುತ್ತದೆ, ಹೊರಗೆ ಬರೆದ ನಂಬರ್ ಮಾತ್ರ ಹಾಗೇ ಉಳಿಯುತ್ತದೆ. ಕ್ಲೀನರ್‌ನಲ್ಲಿ ನೆನೆಸಿ, ನೈಲಾನ್ ಬ್ರಷ್ಷಿನ ಒಂದು ಕೂದಲು ಹಾಯಿಸಿ, ಆಮೇಲೆ ಗಾಳಿ ಹೊಡೆಯಿರಿ. ಬಾಡಿಯೊಳಗಿನ ದಾರಿಗಳಿಗೂ ಹೀಗೆಯೇ: ಒಂದು ತೂತಿಗೆ ಕ್ಲೀನರ್ ಹೊಡೆದರೆ ಯಾವ ತೂತಿನಿಂದ ಹೊರಬರಬೇಕೋ ಅಲ್ಲಿಂದ ಬರುತ್ತಿದೆಯೇ ಎಂದು ನೋಡುತ್ತಾ ಹೋಗಿ. ಕ್ಲೀನರ್ ಕಣ್ಣಿಗೆ ಚಿಮ್ಮುವುದು ಈ ಹೊತ್ತಿನಲ್ಲೇ, ಕನ್ನಡಕ ಬೇಕು. ಡಯಾಫ್ರಾಮ್, ರಬ್ಬರ್ ರಿಂಗ್‌ಗಳನ್ನು ಕ್ಲೀನರ್‌ಗೆ ಹಾಕಬಾರದು. ಫ್ಲೋಟ್ ಮತ್ತು ನೀಡಲ್ ತೆಗೆಯದೆ ಕಂಪ್ರೆಸರ್ ಗಾಳಿ ಹೊಡೆಯಬಾರದು.

ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಮೆಲ್ಲಗೆ ತಾಗುತ್ತದೆ ಎಂದು ಎಣಿಸಿ ಬರೆದಿಡಿ. ಬಿಗಿ ಮಾಡಿದರೆ ಮೊನೆಯಲ್ಲಿ ಮೆಟ್ಟಿಲು ಬೀಳುತ್ತದೆ, ಮುಂದೆ ಅದು ನಯವಾಗಿ ಹೊಂದುವುದೇ ಇಲ್ಲ. ಮುಚ್ಚಳ ಹಾಕುವಾಗಲೂ ಅಷ್ಟೇ, ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕು. ಅತಿಯಾಗಿ ಬಿಗಿದ ಮುಚ್ಚಳ ಬಾಗಿ ಗ್ಯಾಸ್ಕೆಟ್ ನಡುವೆ ಸೋರುತ್ತದೆ. ದಪ್ಪ ಗಾಜಿನ ಮೇಲೆ ಇಟ್ಟು ನೋಡಿದರೆ ಬಾಗಿರುವುದು ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಸ್ಕ್ರೂಡ್ರೈವರ್. ಎಂಜಿನ್ ಪೂರ್ತಿ ಬಿಸಿ, ಚೋಕ್ ತೆರೆದಿದೆ, ಏರ್ ಫಿಲ್ಟರ್ ಅದರ ಜಾಗದಲ್ಲಿದೆ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಾಗಿಸಿ ಎರಡು ಸುತ್ತು ಹೊರಗೆ ಬಿಡಿ. ಸ್ಪೀಡ್ ಸ್ಕ್ರೂವಿನಿಂದ ಎಂಜಿನ್ ಆಫ್ ಆಗದಷ್ಟು ವೇಗ, ಬಹಳಷ್ಟು ಗಾಡಿಗಳಿಗೆ 800ರಿಂದ 900, ಇಟ್ಟುಕೊಳ್ಳಿ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತಿನಂತೆ ಒಳಗೆ ತಿರುಗಿಸಿ, ಪ್ರತಿ ಸಲ ಹತ್ತು ಸೆಕೆಂಡ್ ಕಾದು ಕೇಳಿ. ಒಂದು ಹಂತದಲ್ಲಿ ತಡವರಿಸುತ್ತದೆ. ಈಗ ಹೊರಗೆ ತಿರುಗಿಸುತ್ತಾ ಬಂದರೆ ವೇಗ ಏರಿ ತುತ್ತತುದಿ ಮುಟ್ಟಿ, ಆಮೇಲೆ ಸದ್ದು ಭಾರವಾಗಿ ಇಳಿಯತೊಡಗುತ್ತದೆ. ಆ ತುದಿಯನ್ನು ಹುಡುಕಿ, ಅಲ್ಲಿಂದ 20–30 ಆರ್‌ಪಿಎಂ ಇಳಿಯುವಷ್ಟು ಒಳಗೆ ತನ್ನಿ. ವೇಗ ಏರಿದ್ದರೆ ಸ್ಪೀಡ್ ಸ್ಕ್ರೂ ಇಳಿಸಿ, ಮತ್ತೆ ಮಿಕ್ಸ್ಚರ್. ಹೀಗೆ ಎರಡು ಮೂರು ಸಲ. ಸ್ಕ್ರೂ ಕಾರ್ಬ್ಯುರೇಟರಿನ ಬುಡದಲ್ಲಿ, ಎಂಜಿನ್ ಕಡೆಗಿದ್ದರೆ ಈ ಲೆಕ್ಕ. ಏರ್ ಫಿಲ್ಟರ್ ಕಡೆಗಿರುವ ಏರ್ ಸ್ಕ್ರೂ ಆದರೆ ದಿಕ್ಕು ಉಲ್ಟಾ, ಒಳಗೆ ಹೋದಷ್ಟೂ ಪೆಟ್ರೋಲ್ ಹೆಚ್ಚು. ಎಸ್‌ಯು ಮಾದರಿಯ, ಅಂದರೆ ಒಳಗಿನ ಪಿಸ್ಟನ್ ಏರಿಳಿದು ಗಾಳಿದಾರಿ ಹಿಗ್ಗಿಸುವ ಕಾರ್ಬ್ಯುರೇಟರ್ ಆದರೆ ಐಡಲ್ ಜೆಟ್ಟೇ ಇರುವುದಿಲ್ಲ. ಪಿಸ್ಟನ್ನನ್ನು ಪಿನ್ನಿನಿಂದ ಸುಮಾರು 0.8 ಮಿ.ಮೀ. ಎತ್ತಿ ನೋಡಬೇಕು. ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ತುಸು ಏರಿ ಮೊದಲಿನಂತಾದರೆ ಸರಿ.

ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ಹೋದರೂ ಎಂಜಿನ್ ಏನೂ ಆಗದಂತೆ ಓಡುತ್ತಲೇ ಇದ್ದರೆ ಟ್ಯೂನಿಂಗ್ ಅಲ್ಲಿಗೇ ನಿಲ್ಲಿಸಿ. ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ. ಸ್ಪೀಡ್ ಸ್ಕ್ರೂ ಅತಿಯಾಗಿ ಬಿಗಿದು ಪ್ಲೇಟಿನ ಅಂಚು ಆ ಸೂಜಿತೂತುಗಳನ್ನು ದಾಟಿದೆ, ಇಲ್ಲವೇ ನಳಿಗೆ ಇನ್ನೂ ತೊಟ್ಟಿಕ್ಕುತ್ತಿದೆ. ಹೊರಗೆ ಬಿಟ್ಟಷ್ಟೂ ಸುಧಾರಿಸುತ್ತಾ ಹೋಗಿ, ನಾಲ್ಕು ಸುತ್ತಾದರೂ ತುದಿ ಸಿಗದಿದ್ದರೆ ಐಡಲ್ ದಾರಿಯಲ್ಲಿ ಇನ್ನೂ ಕಸವಿದೆ ಅಥವಾ ಒಂದು ಸೋರಿಕೆ ಕಣ್ತಪ್ಪಿದೆ. ಸ್ಕ್ರೂ ಒಂದೂವರೆಯಿಂದ ಎರಡೂವರೆ ಸುತ್ತಿನ ನಡುವೆ ಸ್ಪಷ್ಟವಾಗಿ ಏರಿಳಿತ ತೋರಿಸಿದರೆ ಉಳಿದ ಕೆಲಸವೆಲ್ಲ ಸರಿಯಾಗಿದೆ. ಎಷ್ಟು ಸುತ್ತಿಗೆ ನಿಂತಿತು ಎಂಬುದನ್ನು ಬಾನೆಟ್ಟಿನ ಒಳಬದಿಗೆ ಪೇಂಟ್ ಪೆನ್ನಿನಲ್ಲಿ ಬರೆದಿಡಿ, ತಾರೀಖಿನ ಸಮೇತ.